ಅಂಟು ಬದಲಾದರೆ ಕರೆಂಟೂ ಬದಲಾಗುತ್ತದೆ

1. ಕವರ್‌ಸ್ಲಿಪ್ ತೊಳೆಯುವ ಕೆಲಸವನ್ನು ಹೊಸಬರ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಗಾಜೂ ಋಣ, ಕೋಶಪೊರೆಯೂ ಋಣ. ನಡುವೆ ಧನ ವಿದ್ಯುದಂಶದ ಪಾಲಿ-ಡಿ-ಲೈಸಿನ್ ಇದ್ದರೆ ನರಕೋಶ ನೆಲೆ ನಿಲ್ಲುತ್ತದೆ. ಪಾಲಿ-ಎಲ್-ಲೈಸಿನ್ ಆದರೆ ಕೋಶದ ಕಿಣ್ವಗಳೇ ಅದನ್ನು ಕತ್ತರಿಸಬಲ್ಲವು. ಗಾಜಿಗೆ ಹಿಡಿಯದೆ ಉಳಿದ ಪಾಲಿಲೈಸಿನ್ ಮಾತ್ರ ಕೋಶಕ್ಕೆ ವಿಷ; ತೊಳೆಯುವುದು ಅದಕ್ಕೇ.

2. ಪಾಲಿಲೈಸಿನ್ ಬರೀ ಅಂಟು. ಇನ್ನೊಂದು ಕೋಟಿಂಗ್ ಆದ ಲ್ಯಾಮಿನಿನ್ ಹಾಗಲ್ಲ. ಅದನ್ನು ಹಿಡಿಯುವುದು ಪೊರೆಯಲ್ಲಿರುವ ಇಂಟೆಗ್ರಿನ್. ಹಿಡಿತ ಬಿದ್ದೊಡನೆ ಒಳಗಿನ ಕೈನೇಸ್‌ಗಳು ಚುರುಕಾಗುತ್ತವೆ. ಅವುಗಳಲ್ಲೊಂದಾದ ಸಾರ್ಕ್, ಎನ್‌ಎಂಡಿಎ ಗ್ರಾಹಕದ ಕರೆಂಟನ್ನೂ ಹೆಚ್ಚಿಸಬಲ್ಲದು. ಎರಡು ಬಗೆಯ ಕೋಟಿಂಗ್‌ನ ದತ್ತಾಂಶವನ್ನು ಒಂದೇ ಗ್ರಾಫಿಗೆ ಸುರಿಯುವವರನ್ನು ನಾನು ನಂಬುವುದಿಲ್ಲ.

3. ಸೋಡಿಯಂ ಚಾನೆಲ್ಲಿನ ಬೀಟಾ ಉಪಘಟಕಗಳು ಸ್ವತಃ ಅಂಟುವಿಕೆಯ ಅಣುಗಳು. ಆಕ್ಸಾನಿನ ಬುಡದಲ್ಲಿ ಆಂಕಿರಿನ್-ಜಿ ಎಂಬ ಒಂದೇ ಪ್ರೋಟೀನು ಸೋಡಿಯಂ ಚಾನೆಲ್ಲನ್ನೂ ನ್ಯೂರೋಫ್ಯಾಸಿನ್ ಎಂಬ ಅಂಟುವ ಅಣುವನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಅಂಟು ಬೇರೆ, ಚಾನೆಲ್ ಬೇರೆ ಎಂಬ ವಿಂಗಡಣೆ ಪಠ್ಯಪುಸ್ತಕದ ಅನುಕೂಲಕ್ಕಷ್ಟೇ.

4. ಟ್ರಿಪ್ಸಿನ್ ಹಾಕಿ ಬಿಡಿಸಿದ ಕೋಶದ ಹೊರಮೈ ಪ್ರೋಟೀನುಗಳು ಕತ್ತರಿಸಿಹೋಗಿರಬಹುದು. ಮೊದಲ ದಿನವೇ ಪಿಪೆಟ್ ಹಿಡಿದು ಕೂರಬೇಡಿ.

5. ಅಂಟನ್ನು ಸಡಿಲಿಸಲು ದ್ರಾವಣದಿಂದ ಕ್ಯಾಲ್ಸಿಯಂ ತೆಗೆಯುವುದು ಹಳೆಯ ಉಪಾಯ. ಕ್ಯಾಲ್ಸಿಯಂ ಇಲ್ಲದೆ, ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಕ್ಯಾಡ್ಹೆರಿನ್ ಹಿಡಿತ ಬಿಡುತ್ತದೆ, ನಿಜ. ಆದರೆ ಹೊರಗಿನ ಕ್ಯಾಲ್ಸಿಯಂ ಪೊರೆಯ ಮೇಲ್ಮೈಯ ಋಣ ವಿದ್ಯುದಂಶವನ್ನು ಮರೆಮಾಡುತ್ತಿರುತ್ತದೆ. ಅದು ಕಡಿಮೆಯಾದರೆ ಸೋಡಿಯಂ ಚಾನೆಲ್ ಹೆಚ್ಚು ಋಣವಾದ ವೋಲ್ಟೇಜಿನಲ್ಲೇ ತೆರೆದುಕೊಳ್ಳುತ್ತದೆ. ಫ್ರಾಂಕೆನ್‌ಹ್ಯೂಸರ್ ಮತ್ತು ಹಾಡ್ಜ್‌ಕಿನ್ ಸ್ಕ್ವಿಡ್ಡಿನ ಆಕ್ಸಾನಿನಲ್ಲಿ ಇದನ್ನು 1957ರಲ್ಲೇ ತೋರಿಸಿದ್ದರು. ಈಗಲೂ 'ಅಂಟು ಬಿಡಿಸಿದೆ, ಚಾನೆಲ್ ಬದಲಾಯಿತು' ಎಂದು ಸಂಭ್ರಮಿಸುವವರಿದ್ದಾರೆ! ಮೆಗ್ನೀಷಿಯಂ ಏರಿಸಿದರೆ ಸ್ವಲ್ಪ ಸರಿದೂಗುತ್ತದೆ, ಪೂರ್ತಿ ಅಲ್ಲ. ಇಂಟೆಗ್ರಿನ್ ಪ್ರಶ್ನೆಯಾದರೆ ಅದನ್ನು ತಡೆಯುವ ಪ್ರತಿಕಾಯ ಬಳಸಿ. ಜೊತೆಗೆ ಅದೇ ವರ್ಗದ, ಏನನ್ನೂ ತಡೆಯದ ಪ್ರತಿಕಾಯವನ್ನು ಕಂಟ್ರೋಲ್ ಆಗಿಡಿ.

6. ಚೆನ್ನಾಗಿ ಅಂಟಿದ ಕೋಶ ಹರಡಿಕೊಳ್ಳುತ್ತದೆ, ಕೊಂಬೆಗಳನ್ನು ಚಾಚುತ್ತದೆ. ಪೊರೆ ಬೆಳೆದಾಗ ಒಟ್ಟು ಕರೆಂಟೂ ಏರುವುದು ಸಹಜ. ಅಷ್ಟಕ್ಕೇ ಚಾನೆಲ್ ದಟ್ಟಣೆ ಏರಿತು ಎನ್ನಲಾಗದು. ಕರೆಂಟನ್ನು ಪೊರೆಯ ವಿಸ್ತಾರ ಸೂಚಿಸುವ ಕೆಪ್ಯಾಸಿಟೆನ್ಸಿನಿಂದ ಭಾಗಿಸಿ. ಅದೂ ಸಾಲದು: ದೂರದ ಕೊಂಬೆಗಳಿಗೆ ವೋಲ್ಟೇಜ್ ಕ್ಲ್ಯಾಂಪ್ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಸೋಡಿಯಂ ಕರೆಂಟಿನ ದಟ್ಟಣೆ ಹೋಲಿಸುವಾಗ ಕೋಶಕಾಯದ ಪೊರೆಯಿಂದ ಕಿತ್ತ ತುಣುಕಿನ ಅಳತೆಯನ್ನೇ ನಾನು ಹೆಚ್ಚು ನಂಬುತ್ತೇನೆ.

7. ಪ್ರಬಂಧ ಬರೆಯುವಾಗ ಕೋಟಿಂಗ್‌ನ ಹೆಸರು, ಸಾಂದ್ರತೆ, ಹಚ್ಚಿಟ್ಟ ಅವಧಿ, ಕೋಶ ಬಿತ್ತಿದ ದಟ್ಟಣೆ, ಎಷ್ಟನೇ ದಿನದ ಕಲ್ಚರ್ ಎಂಬುದನ್ನೆಲ್ಲ ದಯವಿಟ್ಟು ದಾಖಲಿಸಿ.