ಪಡೆದ ಪದಕ ಸೇವಾ ದಾಖಲೆಯಲ್ಲಿ ಇಲ್ಲದಿದ್ದರೆ

ಸೇನೆಯಲ್ಲಿದ್ದಾಗ ಪಡೆದ ಪದಕ ಡಿಸ್ಚಾರ್ಜ್ ಬುಕ್ಕಿನಲ್ಲಿ ನಮೂದಾಗಿಲ್ಲದಿದ್ದರೆ ಅದನ್ನು ಸೇರಿಸುವಂತೆ ಕೇಳುವ ಹಕ್ಕು ಮಾಜಿ ಸೈನಿಕರಿಗಿದೆ. ಅವರು ತೀರಿಕೊಂಡಿದ್ದರೆ ಪತ್ನಿ ಅಥವಾ ಹತ್ತಿರದ ವಾರಸುದಾರರು ಕೇಳಬಹುದು. ಪದಕಗಳು ಯುದ್ಧ ಮುಗಿದು ವರ್ಷಗಳಾದ ಮೇಲೆ ಹಂಚಿಕೆಯಾಗುವುದುಂಟು. ಅಷ್ಟರಲ್ಲಿ ಸೈನಿಕ ಬೇರೆ ಘಟಕಕ್ಕೆ ಹೋಗಿರಬಹುದು, ನಿವೃತ್ತಿಯಾಗಿ ಊರು ಸೇರಿರಬಹುದು. ಹೀಗಾಗಿ ನಮೂದು ತಪ್ಪಿಹೋಗುವುದು ಅಪರೂಪವೇನಲ್ಲ. ಅದನ್ನು ಸರಿಪಡಿಸಲು ಅಮೆರಿಕದಲ್ಲಿರುವಂತೆ ಸೇನಾ ದಾಖಲೆ ತಿದ್ದುಪಡಿಗೆಂದೇ ಮೀಸಲಾದ ಮಂಡಳಿ ಭಾರತದಲ್ಲಿಲ್ಲ. ಇಲ್ಲಿ ಅರ್ಜಿ ಮೊದಲು ಹೋಗಬೇಕಾದದ್ದು ಸೈನಿಕ ಸೇರಿದ್ದ ರೆಜಿಮೆಂಟ್ ಅಥವಾ ಕೋರಿನ ರೆಕಾರ್ಡ್ ಆಫೀಸಿಗೆ.

ಅರ್ಜಿ ಬರೆಯುವ ಮುನ್ನ ಬೇಡಿಕೆ ಯಾವ ಬಗೆಯದು ಎಂಬುದು ಇತ್ಯರ್ಥವಾಗಬೇಕು. ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿಯೇ. ಶೌರ್ಯ ಪದಕ ಘೋಷಣೆಯಾಗಿ ಭಾರತದ ರಾಜಪತ್ರದಲ್ಲಿ ಹೆಸರು ಪ್ರಕಟವಾಗಿದ್ದು, ವೈಯಕ್ತಿಕ ದಾಖಲೆಗೆ ಮಾತ್ರ ಏರಿಲ್ಲ ಎನ್ನುವುದು ಒಂದು ಬಗೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ, ಸೇನಾ ಪದಕ ಇವೆಲ್ಲ ಈ ಗುಂಪಿನವು. ಇಲ್ಲಿ ರಾಜಪತ್ರದ ಪ್ರತಿಯೇ ಬಹುಪಾಲು ಕೆಲಸ ಮುಗಿಸುತ್ತದೆ. ಇನ್ನೊಂದು ಬಗೆ, ನಿರ್ದಿಷ್ಟ ಕಾಲದಲ್ಲಿ ನಿರ್ದಿಷ್ಟ ಪ್ರದೇಶದಲ್ಲಿ ಸೇವೆ ಸಲ್ಲಿಸಿದವರಿಗೆಲ್ಲ ಸಲ್ಲುವ ಪದಕ. 1965ರ ಯುದ್ಧದ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ ಪದಕ, 1999ರ ಆಪರೇಷನ್ ವಿಜಯ್ ಪದಕ ಇದಕ್ಕೆ ಸೇರುತ್ತವೆ. ಇವುಗಳಿಗೆ ಸೈನಿಕನ ಹೆಸರು ರಾಜಪತ್ರದಲ್ಲಿ ಬಂದಿರುವುದಿಲ್ಲ. ಆ ದಿನಗಳಲ್ಲಿ ಅವರ ಘಟಕ ಎಲ್ಲಿತ್ತು, ಅವರು ಆ ಘಟಕದಲ್ಲಿಯೇ ಇದ್ದರೇ ಎಂಬುದು ದಾಖಲೆಯಿಂದ ಸಿದ್ಧವಾಗಬೇಕು. ಯುದ್ಧದಲ್ಲಿ ಸಾಹಸ ತೋರಿದ್ದರೂ ಪದಕವೇ ಬರಲಿಲ್ಲ, ಈಗಲಾದರೂ ಕೊಡಿ ಎನ್ನುವುದು ಇವೆರಡಕ್ಕಿಂತ ಪೂರ್ತಿ ಬೇರೆ. ಅದು ದಾಖಲೆಯ ತಿದ್ದುಪಡಿಯಲ್ಲ, ಹೊಸ ಪ್ರಶಸ್ತಿಯ ಬೇಡಿಕೆ. ಶೌರ್ಯ ಪದಕ ನಿಲ್ಲುವುದು ಅಂದಿನ ಕಮಾಂಡರುಗಳ ಶಿಫಾರಸಿನ ಮೇಲೆ. ದಶಕಗಳ ನಂತರ ಅದನ್ನು ಕೇಳಿ ಪಡೆಯುವ ದಾರಿ ಹೆಚ್ಚುಕಡಿಮೆ ಮುಚ್ಚಿಯೇ ಇದೆ.

ನಮೂದಿನಿಂದ ಸಿಗುವುದು ಗೌರವವಷ್ಟೇ ಅಲ್ಲ. ಶೌರ್ಯ ಪದಕಗಳಿಗೆ ಕೇಂದ್ರ ಸರ್ಕಾರದ ಮಾಸಿಕ ಭತ್ಯೆಯಿದೆ. 2017ರಲ್ಲಿ ಅದನ್ನು ಇಮ್ಮಡಿಗೊಳಿಸಿದಾಗ ಪರಮವೀರ ಚಕ್ರಕ್ಕೆ 20,000 ರೂಪಾಯಿ, ಮಹಾವೀರ ಚಕ್ರಕ್ಕೆ 10,000, ವೀರ ಚಕ್ರಕ್ಕೆ 7,000, ಶೌರ್ಯಕ್ಕಾಗಿ ನೀಡಿದ ಸೇನಾ ಪದಕಕ್ಕೆ 2,000 ಎಂದು ನಿಗದಿಯಾಯಿತು. ಶೌರ್ಯಕ್ಕಲ್ಲದೆ ವಿಶಿಷ್ಟ ಸೇವೆಗಾಗಿ ಬಂದ ಸೇನಾ ಪದಕಕ್ಕೆ ಈ ಭತ್ಯೆ ಇಲ್ಲ. ಆದ್ದರಿಂದ ನಮೂದಿನಲ್ಲಿ ‘ಶೌರ್ಯ’ ಎಂಬುದು ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳಬೇಕು. ಪದಕ ಪಡೆದವರ ನಿಧನದ ನಂತರ ಭತ್ಯೆ ಪತ್ನಿಗೆ ಮುಂದುವರಿಯುತ್ತದೆ. ಮರಣೋತ್ತರ ಪದಕವಾದರೆ ಹಕ್ಕು ಮೊದಲಿನಿಂದಲೂ ಕುಟುಂಬದ್ದೇ. ಸಿಯಾಚಿನ್ ಹಿಮಪಾತದ ನಂತರ 2016ರ ಫೆಬ್ರುವರಿಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಸೇನಾ ಪದಕವನ್ನು ಅವರ ಪತ್ನಿಯೇ ಸ್ವೀಕರಿಸಿದರು.

ರೆಕಾರ್ಡ್ ಆಫೀಸುಗಳು ದೇಶದ ಬೇರೆ ಬೇರೆ ಊರುಗಳಲ್ಲಿವೆ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ತೋಪುದಳದ್ದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ. ಸೇನಾ ಅಧಿಕಾರಿಗಳ ದಾಖಲೆ ದೆಹಲಿಯ ಸೇನಾ ಮುಖ್ಯಾಲಯದಲ್ಲಿರುತ್ತದೆ. ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲಿನ ಮಾಜಿ ಸೈನಿಕರು ಇಷ್ಟು ದೂರ ಅಲೆಯಬೇಕಿಲ್ಲ. ಜಿಲ್ಲೆಗೆ ಸಂಬಂಧಿಸಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪನಿರ್ದೇಶಕರ ಕಚೇರಿಯ ಮೂಲಕ ಅರ್ಜಿ ಕಳಿಸಬಹುದು. ಅಲ್ಲಿಯ ಮುಖಪತ್ರ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಅರ್ಜಿಯಲ್ಲಿ ಸೇನಾ ಸಂಖ್ಯೆ, ರ‍್ಯಾಂಕ್, ಹೆಸರು, ಘಟಕ, ಸೇರಿದ ಮತ್ತು ನಿವೃತ್ತಿಯಾದ ದಿನಾಂಕ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪದಕದ ಪೂರ್ಣ ಹೆಸರು ಮತ್ತು ಅದು ಯಾವ ಕಾರ್ಯಾಚರಣೆಗೆ ಸಂಬಂಧಿಸಿದ್ದು ಎಂಬ ವಿವರ ಇರಬೇಕು. ಡಿಸ್ಚಾರ್ಜ್ ಬುಕ್, ಪಿಪಿಒ, ಮಾಜಿ ಸೈನಿಕ ಗುರುತಿನ ಚೀಟಿ, ಆಧಾರ್ ಪ್ರತಿಗಳನ್ನು ಲಗತ್ತಿಸಬೇಕು. ಪದಕದ ಅಂಚಿನಲ್ಲಿ ಸೇನಾ ಸಂಖ್ಯೆ ಮತ್ತು ಹೆಸರು ಕೊರೆದಿದ್ದರೆ ಅದರ ಸ್ಪಷ್ಟ ಫೋಟೊ ಉಪಯುಕ್ತ. ಆದರೆ ಮನೆಯಲ್ಲಿರುವ ಪದಕ ಪೂರಕ ಸಾಕ್ಷ್ಯವಷ್ಟೇ. ನಮೂದಿಗೆ ಆಧಾರವಾಗುವುದು ರಾಜಪತ್ರದ ಅಧಿಸೂಚನೆ ಅಥವಾ ಸೈನಿಕನ ಸೇವಾ ವಿವರಗಳನ್ನು ದಾಖಲಿಸಲು ಘಟಕ ಹೊರಡಿಸಿದ ಪಾರ್ಟ್ ಟು ಆರ್ಡರ್. ಅದರ ಸಂಖ್ಯೆ, ದಿನಾಂಕ ಗೊತ್ತಿದ್ದರೆ ಅರ್ಜಿಯ ಮೊದಲ ಸಾಲಿನಲ್ಲಿಯೇ ಬರೆಯುವುದು ಒಳ್ಳೆಯದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಬೇಕು. ಮುಂದೆ ಕಾಲಮಿತಿಯ ಲೆಕ್ಕ ನಿಲ್ಲುವುದು ಆ ರಸೀದಿಯ ಮೇಲೆಯೇ.

ಬಾಗಲಕೋಟೆ ಜಿಲ್ಲೆಯವರಿಗೆ ವಿಳಾಸವೇ ಒಂದು ತೊಡಕು. ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಸೇನೆಗೆ ಸೇರಿದವರ ದಾಖಲೆಯಲ್ಲಿ ಬಿಜಾಪುರ ಜಿಲ್ಲೆ ಎಂದಿರುತ್ತದೆ. ಇಳಕಲ್ ಸುತ್ತಲಿನ ಹಳ್ಳಿಯವರ ಹಳೆಯ ಕಾಗದದಲ್ಲಿ ಹುನಗುಂದ ತಾಲ್ಲೂಕು ಎಂದಿದ್ದರೆ, ಇಂದಿನ ಆಧಾರ್‌ನಲ್ಲಿ ಇಳಕಲ್ ತಾಲ್ಲೂಕು ಎಂದಿರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಹೋದವರ ವಿಳಾಸವಂತೂ ಪೂರ್ತಿ ಬದಲಾಗಿದೆ. ಹೆಸರಿನ ಕಾಗುಣಿತವೂ ಹೀಗೆಯೇ. ಊರಲ್ಲಿ ಹನಮಪ್ಪ ಆದವರು ಸೇನೆಯ ಕಡತದಲ್ಲಿ ಹನುಮಪ್ಪ ಆಗಿರುತ್ತಾರೆ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ಟನ್ನು ಮೊದಲ ಅರ್ಜಿಯ ಜೊತೆಗೇ ಇಟ್ಟರೆ ಒಂದು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ. 2009ರ ಮಲಪ್ರಭೆಯ ನೆರೆಯಂಥ ಅನಾಹುತದಲ್ಲಿ ಡಿಸ್ಚಾರ್ಜ್ ಬುಕ್ ಕಳೆದುಕೊಂಡವರು ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಆ ಪ್ರತಿಯೊಂದಿಗೆ ನಕಲು ದಾಖಲೆಗೆ ಮೊದಲು ಅರ್ಜಿ ಹಾಕಬೇಕು.

ಆಧಾರದ ಕಾಗದ ಕೈಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005 ನೆರವಿಗಿದೆ. ಹತ್ತು ರೂಪಾಯಿ ಶುಲ್ಕದೊಂದಿಗೆ ತಮ್ಮ ಪಾರ್ಟ್ ಟು ಆರ್ಡರ್‌ಗಳ ಪ್ರತಿ, ಪದಕ ಹಂಚಿಕೆಯ ನಮೂದು, ಇಂಥ ಅವಧಿಯಲ್ಲಿ ಘಟಕ ಇದ್ದ ಸ್ಥಳದ ವಿವರ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅನಂತರ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು. ಪಿಂಚಣಿ ಇಲ್ಲದೆ ಬಿಡುಗಡೆಯಾದವರು ಒಂದು ಸಂಗತಿಯನ್ನು ತಿಳಿದಿರಬೇಕು. ಅವರ ವೈಯಕ್ತಿಕ ಕಡತವನ್ನು 25 ವರ್ಷದ ನಂತರ ನಾಶಪಡಿಸುವ ನಿಯಮವಿದೆ. ಲಾಂಗ್ ರೋಲ್ ಎಂಬ ಸಂಕ್ಷಿಪ್ತ ದಾಖಲೆ ಮಾತ್ರ ಉಳಿಯುತ್ತದೆ. ಕಡತ ಇಲ್ಲ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡದೆ ಲಾಂಗ್ ರೋಲಿನ ಪ್ರತಿ ಕೇಳಬೇಕು.

ರೆಕಾರ್ಡ್ ಆಫೀಸ್ ನಿರಾಕರಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ, 2007ರ ಅಡಿ ಅರ್ಜಿ ಹಾಕಬಹುದು. ನಿವೃತ್ತರು ತಾವು ವಾಸಿಸುವ ಪ್ರದೇಶದ ಪೀಠಕ್ಕೆ ಹೋಗಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಪ್ರಾದೇಶಿಕ ಪೀಠ ಕೊಚ್ಚಿಯಲ್ಲಿದೆ. ಇಲಾಖೆಯೊಳಗಿನ ದಾರಿಗಳನ್ನು ಮೊದಲು ಬಳಸಿರಬೇಕು ಎನ್ನುತ್ತದೆ ಕಾಯ್ದೆಯ 21ನೇ ಕಲಮು. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಅಲ್ಲಿಂದ ಮುಂದಿನ ಆರು ತಿಂಗಳೊಳಗೆ ಹೋಗಬಹುದು. ತಡವಾದರೆ ಕಾರಣ ವಿವರಿಸಿ ವಿಳಂಬ ಮನ್ನಾ ಕೇಳಲು ಅವಕಾಶವಿದೆ. ಭತ್ಯೆಯ ಬಾಕಿಯೂ ಜೊತೆಗಿದ್ದರೆ ತರಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ನೀಡಿದ ತೀರ್ಪನ್ನು ನೆನಪಿಡಬೇಕು. ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯಕ್ಕೆ ತಡವಾಗಿಯೂ ಪರಿಹಾರ ಕೇಳಬಹುದು, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತ. ತಡ ಮಾಡಿದಷ್ಟೂ ನಷ್ಟ ಕುಟುಂಬಕ್ಕೇ.

ದಾಖಲೆ ಪಕ್ಷಪಾತದಿಂದ ಬರೆದದ್ದಾಗಿದ್ದರೆ ನ್ಯಾಯಮಂಡಳಿ ಅದನ್ನು ತಿದ್ದಿಸಬಲ್ಲದು. ಕಾರ್ಗಿಲ್ ಯುದ್ಧದಲ್ಲಿ 70 ಇನ್‌ಫೆಂಟ್ರಿ ಬ್ರಿಗೇಡನ್ನು ಮುನ್ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ಪರವಾಗಿ 2010ರಲ್ಲಿ ಬಂದ ಆದೇಶ ಇದಕ್ಕೆ ನಿದರ್ಶನ. ನ್ಯಾಯಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ರಿಟ್ ಮೂಲಕ ಪ್ರಶ್ನಿಸಬಹುದೆಂದು ಸುಪ್ರೀಂ ಕೋರ್ಟ್ 2023ರ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಾಗಲಕೋಟೆ ಜಿಲ್ಲೆಯವರಿಗೆ ಅದು ಧಾರವಾಡ ಪೀಠ.

ವಕೀಲರ ಖರ್ಚಿಗೆ ಹೆದರಿ ಹಕ್ಕು ಬಿಡಬೇಕಾಗಿಲ್ಲ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈ 26ರಂದು ಸೈನಿಕರು, ಮಾಜಿ ಸೈನಿಕರು ಮತ್ತು ಅವರ ಕುಟುಂಬದವರಿಗೆಂದೇ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ದೊರೆಯುತ್ತದೆ. ಆದ್ದರಿಂದ ಸೈನಿಕರ ವಿಧವೆಯರು ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೇರವಾಗಿ ಅರ್ಜಿ ಸಲ್ಲಿಸಬಹುದು.

ತಿದ್ದುಪಡಿ ಒಪ್ಪಿಗೆಯಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ನಮೂದಾದ ಮಾತ್ರಕ್ಕೆ ಭತ್ಯೆ ತಾನಾಗಿ ಖಾತೆಗೆ ಬರುವುದಿಲ್ಲ. ರೆಕಾರ್ಡ್ ಆಫೀಸ್ ಮೂಲಕ ಪ್ರಯಾಗರಾಜದ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಮಾಹಿತಿ ತಲುಪಿ, ತಿದ್ದಿದ ಪಿಪಿಒ ಬಂದು, ಆನ್‌ಲೈನ್ ಪಿಂಚಣಿ ವ್ಯವಸ್ಥೆಯಾದ ಸ್ಪರ್ಶ್‌ನ ಖಾತೆಯಲ್ಲಿ ಅದು ಕಾಣಿಸಿಕೊಂಡಿದೆಯೇ ಎಂದು ಪಿಂಚಣಿದಾರರೇ ನೋಡಿಕೊಳ್ಳಬೇಕು.