ಸರ್ಪಗಂಧಿ: ಯಾವ ಭಾಗ, ಯಾವ ಕಾಲ?

ಸರ್ಪಗಂಧಿ ಗಿಡದ ಎಲ್ಲ ಭಾಗಗಳಲ್ಲೂ ಔಷಧಾಂಶ ಸಮನಾಗಿರುವುದಿಲ್ಲ. ಎಲೆ, ಕಾಂಡಗಳಿಗಿಂತ ಬೇರಿನಲ್ಲಿ ಆಲ್ಕಲಾಯ್ಡ್‌ಗಳು ಹೆಚ್ಚು. ಬೇರಿನಲ್ಲೂ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ಸುಲಿದರೆ ಔಷಧವೇ ಹೋದಂತೆ.

1931ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ಈ ಬೇರಿನಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. ರಕ್ತದೊತ್ತಡ ಇಳಿಸುವ ರಿಸರ್ಪಿನ್ 1952ರಲ್ಲಿ ದೊರೆಯಿತು.

ಕಾಲವೂ ಮುಖ್ಯ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಅಗೆದ ಬೇರಿನಲ್ಲಿ ಆಲ್ಕಲಾಯ್ಡ್ ಹೆಚ್ಚಿರುತ್ತದೆ. ಬೇರು ಕಿತ್ತರೆ ಗಿಡ ಉಳಿಯದು. ಅಕಾಲದಲ್ಲಿ ಕಿತ್ತರೆ ಗಿಡವೂ ಹೋಯಿತು, ಮದ್ದೂ ಕಡಿಮೆ.

ವಿದ್ಯಾರ್ಥಿಗಳೇ, ಒಂದೇ ತೂಕದ ಎರಡು ಬೇರುಗಳ ಶಕ್ತಿ ಒಂದೇ ಅಲ್ಲ. ಆದ್ದರಿಂದ ‘ಗಿಡಮೂಲಿಕೆ ತಾನೇ’ ಎಂದು ವೈದ್ಯರನ್ನು ಕೇಳದೆ ಸೇವಿಸಬೇಡಿ.