‘ಗಂಟೆ’ ಎಂಬ ಶಬ್ದದ ವಿಚಾರ

ಶಾಲೆಯನ್ನು ಬಿಟ್ಟು ಎಷ್ಟು ವರುಷಗಳು ಸಂದಿದ್ದರೂ ಹಳೆಯ ವಿದ್ಯಾರ್ಥಿನಿಯರ ಕಿವಿಯಿಂದ ಮಾಸಿಹೋಗದ ಸದ್ದೊಂದುಂಟು; ಅದು ಶಾಲೆಯ ಗಂಟೆಯ ಸದ್ದು. ಮೊದಲನೆಯ ಗಂಟೆ, ಎರಡನೆಯ ಗಂಟೆ, ಸಾಯಂಕಾಲದ ಉದ್ದ ಗಂಟೆ ಎಂದು ನಾವೆಲ್ಲರೂ ದಿನವನ್ನು ಅದರಿಂದಲೇ ಅಳೆದವರು. ಕನ್ನಡ ಪಾಠದ ಹೊತ್ತಿನಲ್ಲಿ ಬಾಲಿಕೆಯೊಬ್ಬಳು ಎದ್ದು ನಿಂತು, “‘ಗಂಟೆ’ ಎಂಬುದು ಆ ಸದ್ದಿನಿಂದಲೇ ಹುಟ್ಟಿದ ಮಾತೋ, ಇಲ್ಲವೆ ಚಿಕ್ಕಂದಿನಿಂದ ಕೇಳಿ ಕೇಳಿ ನಮಗೆ ಹಾಗೆ ತೋರುವುದೋ?” ಎಂದು ಕೇಳಿದಳು. ಆ ದಿನ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿರಲಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ಮತ್ತೆ ಎತ್ತಿಕೊಂಡಿದ್ದೇವೆ.

ಸದ್ದನ್ನು ಮಾತಿನಿಂದ ಅನುಕರಿಸುವುದರಲ್ಲಿ ನಮ್ಮ ಕನ್ನಡವು ಯಾವ ಭಾಷೆಗೂ ಹಿಂದಾದುದಲ್ಲ. ಮಳೆ ಧೋ ಎಂದು ಸುರಿಯುವುದು, ಎಲೆ ಪಟಪಟನೆ ಬಡಿಯುವುದು, ಗೆಜ್ಜೆ ಘಲ್ಲೆನ್ನುವುದು. ಇವುಗಳನ್ನು ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂದು ಓದಿದ್ದೀರಿ. ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ದೊಡ್ಡ ನಿಘಂಟಿನಲ್ಲಿ ಇಂಥ ಶಬ್ದಗಳನ್ನು ಬಹು ಶ್ರದ್ಧೆಯಿಂದ ಕೂಡಿಸಿಟ್ಟಿರುವರು. ಗಂಟೆಯ ಸದ್ದಿಗೂ ನಮ್ಮಲ್ಲಿ ಗಣಗಣ, ಢಣಢಣ ಎಂಬ ಮಾತುಗಳುಂಟು. ಆದರೆ ‘ಗಂಟೆ’ ಎಂಬ ಹೆಸರು ಮಾತ್ರ ಕನ್ನಡದಲ್ಲಿ ನೇರವಾಗಿ ಹುಟ್ಟಿದುದಲ್ಲ. ಅದು ಸಂಸ್ಕೃತದ ‘ಘಂಟಾ’ ಶಬ್ದದ ತದ್ಭವ. ಮಾಲಾ ಎಂಬುದು ಮಾಲೆಯಾದಂತೆ ಕೊನೆಯ ಆಕಾರವು ಎಕಾರವಾಯಿತು, ಮಹಾಪ್ರಾಣವು ಅಲ್ಪಪ್ರಾಣವಾಯಿತು. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ವಿವರಿಸಿದ ದಾರಿ ಇದೇ. ಗಂಟು ಹಾಕಿ ತೂಗಬಿಡುವುದರಿಂದ ಗಂಟೆಯಾಯಿತೆಂದು ಕೆಲವರು ಹೇಳುವುದುಂಟು. ಅದು ಬರಿಯ ವಿನೋದ. ಘಂಟಾ ಶಬ್ದವು ಮಹಾಭಾರತದಷ್ಟು ಹಿಂದಿನಿಂದಲೂ ಬಂದಿರುವುದಾಗಿ, ಪ್ರಶ್ನೆಯನ್ನು ಅಲ್ಲಿಗೇ ಕೊಂಡೊಯ್ಯಬೇಕು: ‘ಘಂಟಾ’ ಎಂಬುದು ಸದ್ದಿನ ಅನುಕರಣವೇ?

ಇಲ್ಲಿ ಕಿವಿಯನ್ನು ಕೂಡಲೇ ನಂಬತಕ್ಕದ್ದಲ್ಲ. ಫ್ರೆಂಚರಲ್ಲಿ ಸತ್ತವರಿಗಾಗಿ ಬಾರಿಸುವ ಗಂಟೆಗೆ ‘ಗ್ಲಾ’ ಎಂಬ ಹೆಸರುಂಟು. ಕೇಳಿದವರಿಗೆ ಅದು ಗಂಟೆಯ ಭಾರವಾದ ಸದ್ದಿನಂತೆಯೇ ತೋರುವುದು. ಆದರೆ ಅದರ ಮೂಲವು ಲ್ಯಾಟಿನಿನ ‘ಕ್ಲಾಸಿಕುಮ್’. ಅದರ ಅರ್ಥ ಜನರನ್ನು ಕರೆಯುವ ಕಹಳೆಯ ಸನ್ನೆ. ‘ಕ್ಲಾಸ್’ ಎಂದು ನಾವು ನಿತ್ಯವೂ ಹೇಳುವ ಮಾತಿನ ಒಡಹುಟ್ಟು ಅದು. ಅದರಲ್ಲಿ ಗಂಟೆಯ ನಾದವು ಎಳ್ಳಷ್ಟೂ ಇಲ್ಲ. ಇದಕ್ಕೆ ತಿರುಗಾಮುರುಗಾದ ಸಂಗತಿಯೂ ಉಂಟು. ಪಾರಿವಾಳಕ್ಕೆ ‘ಪಿಜನ್’ ಎಂಬ ಮಾತು ಲ್ಯಾಟಿನಿನ ‘ಪಿಪಿಯೋ’ ಎಂಬುದರಿಂದ ಬಂದದ್ದು. ಅದು ಮರಿಹಕ್ಕಿಯ ಪೀ ಪೀ ಎಂಬ ಕೂಗು. ಈಗಿನ ಉಚ್ಚಾರದಲ್ಲಿ ಆ ಕೂಗನ್ನು ಯಾರು ಕೇಳಬಲ್ಲರು? ಸ್ವಿಟ್ಜರ್ಲೆಂಡಿನ ಭಾಷಾಶಾಸ್ತ್ರಜ್ಞ ಸೊಸ್ಸೂರರ ಉಪನ್ಯಾಸಗಳು 1916ರಲ್ಲಿ ಪುಸ್ತಕವಾಗಿ ಬಂದಾಗ ಈ ಎರಡು ಉದಾಹರಣೆಗಳೂ ಅದರಲ್ಲಿದ್ದವು. ಅನುಕರಣದಂತೆ ಕೇಳುವುದು ಅನುಕರಣವಾಗಿರದೆ ಹೋಗಬಹುದು, ಅನುಕರಣವಾಗಿದ್ದುದು ಹಾಗೆ ಕೇಳದೆಯೂ ಹೋಗಬಹುದು ಎಂಬುದೇ ಅವರ ಎಚ್ಚರಿಕೆ.

ಹಾಗಾದರೆ ಪರೀಕ್ಷೆ ಯಾವುದು? ಇದನ್ನು ತಿಳಿಯಲು ಗಂಟೆಗೇ ಸಂಬಂಧಪಟ್ಟ ಇನ್ನೊಂದು ಶಬ್ದವನ್ನು ನೋಡೋಣ. ಇಂಗ್ಲಿಷಿನ ‘ಕ್ಲಾಕ್’ ಎಂಬುದಕ್ಕೆ ಮೊದಲಿದ್ದ ಅರ್ಥ ಗಡಿಯಾರವಲ್ಲ, ಗಂಟೆ. ಐರ್ಲೆಂಡಿನ ಹಳೆಯ ಭಾಷೆಯಲ್ಲಿ ಗಂಟೆಗೆ ‘ಕ್ಲೊಕ್’ ಎನ್ನುತ್ತಿದ್ದರು. ಅಯೋನಾ ದ್ವೀಪದ ಮಠಾಧಿಪತಿಯಾಗಿದ್ದ ಅದಾಮ್ನಾನನು ಸುಮಾರು 700ರಲ್ಲಿ ಲ್ಯಾಟಿನಿನಲ್ಲಿ ಬರೆದ ಕೊಲಂಬನ ಚರಿತ್ರೆಯಲ್ಲಿ ಇದೇ ಶಬ್ದವು ‘ಕ್ಲೊಕ್ಕ’ ಎಂಬ ರೂಪದಲ್ಲಿದೆ. ಐರಿಷ್ ಸನ್ಯಾಸಿಗಳು ಕೈಗಂಟೆಗಳನ್ನು ಹಿಡಿದು ಯೂರೋಪಿನ ದೇಶಗಳಿಗೆ ಹೋದರು. ಅವರೊಡನೆ ಮಾತೂ ಹೋಗಿ ಜರ್ಮನರಲ್ಲಿ ‘ಗ್ಲಾಕೆ’ ಎಂದೂ ಫ್ರೆಂಚರಲ್ಲಿ ‘ಕ್ಲಾಷ್’ ಎಂದೂ ನೆಲೆಗೊಂಡಿತು.

ಗಂಟೆಯು ‘ಕ್ಲೊಕ್’ ಎನ್ನುವುದೆಂದರೆ ನಮಗೆ ನಗು ಬರಬಹುದು. ನಮ್ಮ ಕಿವಿಗೆ ಅದು ಬಾಗಿಲ ಚಿಲಕದ ಸದ್ದು. ಆದರೆ ಆ ಗಂಟೆಗಳು ಎಂಥವು ಎಂದು ವಿಚಾರಿಸಬೇಡವೇ? ಪಾಟ್ರಿಕನ ಗಂಟೆಯೆಂದು ಹೆಸರಾದದ್ದೊಂದು ಡಬ್ಲಿನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಎರಕ ಹೊಯ್ದು ಮಾಡಿದ್ದಲ್ಲ. ಕಬ್ಬಿಣದ ತಗಡನ್ನು ಮಡಿಸಿ, ಅಂಚುಗಳನ್ನು ಮೊಳೆಯಿಂದ ಬಿಗಿದು, ಮೇಲೆ ಕಂಚನ್ನು ಬಳಿದದ್ದು. ಹಸುವಿನ ಕೊರಳಿಗೆ ಕಟ್ಟುವ ತಗಡಿನ ಗಂಟೆಯನ್ನು ನೋಡಿದವರಿಗೆ ಅದರ ರೂಪವು ಕೂಡಲೇ ಹೊಳೆಯುವುದು. ಅಂಥ ಗಂಟೆಯನ್ನು ಬಡಿದರೆ ಸದ್ದು ಹುಟ್ಟಿದಲ್ಲಿಯೇ ಸಾಯುವುದು, ಅದಕ್ಕೆ ಬಾಲವಿಲ್ಲ. ‘ಕ್ಲೊಕ್’ ಎಂಬ ಮಾತು ಹೇಗೆ ಥಟ್ಟನೆ ಮುಚ್ಚಿಕೊಳ್ಳುವುದೋ ಆ ಸದ್ದೂ ಹಾಗೆಯೇ. ಅದು ಅನುಕರಣ ಶಬ್ದವಾಗಿರಬೇಕೆಂದು ಅನೇಕ ವಿದ್ವಾಂಸರು ಎಣಿಸಿರುವುದು ನಮಗೂ ಯುಕ್ತವಾಗಿ ಕಾಣುತ್ತದೆ. ಮಾತಿನ ಸದ್ದನ್ನು ನಮ್ಮ ಕಿವಿಯೊಡನೆ ಹೋಲಿಸತಕ್ಕದ್ದಲ್ಲ, ಅದು ಹುಟ್ಟಿದ ಕಾಲದ ಲೋಹದೊಡನೆ ಹೋಲಿಸಬೇಕು.

ಇದೇ ಒರೆಗಲ್ಲಿಗೆ ನಮ್ಮ ಶಬ್ದವನ್ನು ತಿಕ್ಕಿ ನೋಡೋಣ. ನಮ್ಮ ದೇಶದ ಗಂಟೆ ಎರಕದ ಕಂಚಿನದು. ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆತ ಕಂಚು ಗಡುಸಾಗಿದ್ದು, ಒಮ್ಮೆ ಹೊಡೆದರೆ ಬಹಳ ಹೊತ್ತು ನಡುಗುತ್ತ ನಾದವನ್ನು ಹೊರಡಿಸುವುದು. ‘ಘಂಟಾ’ ಎಂಬಲ್ಲಿ ಘಕಾರವು ಪೆಟ್ಟು; ಅದರ ಹಿಂದೆ ಬರುವ ಅನುನಾಸಿಕವು ಆ ಪೆಟ್ಟಿನ ಬಾಲ. ಬೇಕಾದರೆ ‘ಘಣ್’ ಎಂದು ಹೇಳಿ ಣಕಾರವನ್ನು ಎಳೆದು ನೋಡಿರಿ. ಉಸಿರಿರುವಷ್ಟು ಹೊತ್ತು ಎಳೆಯಬಹುದು. ‘ಕ್ಲೊಕ್’ ಎಂಬುದನ್ನು ಹಾಗೆ ಎಳೆಯಲಾಗದು. ಚಿಕ್ಕ ಗೆಜ್ಜೆಗೆ ಸಂಸ್ಕೃತದಲ್ಲಿ ‘ಕಿಂಕಿಣಿ’ ಎಂಬ ಹೆಸರಿರುವುದೂ ನಮಗೆ ಸಾಕ್ಷಿ: ಸಣ್ಣ ಗಂಟೆಗೆ ಸಣ್ಣ ಇಕಾರ, ದೊಡ್ಡದಕ್ಕೆ ಬಾಯ್ತೆರೆದ ಅಕಾರ, ಎರಡರಲ್ಲಿಯೂ ಅನುನಾಸಿಕ. ಇದು ಗಣಿತದ ಸಿದ್ಧಾಂತದಂಥ ಪ್ರಮಾಣವಲ್ಲ. ಆದರೂ ಬಾಲಿಕೆಯ ಪ್ರಶ್ನೆಗೆ ‘ಹೌದು, ಸದ್ದಿನಿಂದಲೇ’ ಎಂದು ಹೇಳಲು ನಾವು ಹಿಂಜರಿಯೆವು.

ಈ ಸದ್ದಿನ ಮಾತು ಕಾಲದ ಹೆಸರಾದುದೂ ಸ್ವಾರಸ್ಯವಾದ ಸಂಗತಿ. ಹಿಂದೆ ನಮ್ಮಲ್ಲಿ ಹಗಲಿರುಳು ಕೂಡಿ 60 ಘಳಿಗೆ. ಒಂದೊಂದು ಘಳಿಗೆಗೆ 24 ನಿಮಿಷ. ತಳದಲ್ಲಿ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗಿದೊಡನೆ ಲೋಹದ ತಟ್ಟೆಯನ್ನು ಬಾರಿಸುತ್ತಿದ್ದರು. ಆ ತಟ್ಟೆ ಹಿತ್ತಾಳೆಯದೆಂದೂ ಎರಡು ಬೆರಳು ದಪ್ಪವೆಂದೂ ಬಾಬರನು ತನ್ನ ಆತ್ಮಚರಿತ್ರೆಯಲ್ಲಿ ವರ್ಣಿಸಿರುವನು. ಘಳಿಗೆ ಎಂಬುದು ‘ಘಟಿಕಾ’, ಎಂದರೆ ಚಿಕ್ಕ ಗಡಿಗೆ. ಅದು ನೀರಿನ ಬಳಿ ಕುಳಿತು ಕಾಯುವವನ ಮಾತು. ಗಂಟೆ ಎಂಬುದು ದೂರದಲ್ಲಿ ಕೇಳುವವರ ಮಾತು. 24 ಭಾಗಗಳ ದಿನವು ರೂಢಿಗೆ ಬಂದಾಗ ಕೇಳುವವರ ಮಾತೇ ಗೆದ್ದಿತು. ತೆಲುಗರೂ ಹಿಂದಿಯವರೂ ನಮ್ಮಂತೆಯೇ ಹೇಳುವರು. ತಮಿಳರೂ ಮಲಯಾಳಿಗಳೂ ‘ಮಣಿ’ ಎನ್ನುವರು. ಶಬ್ದ ಬೇರೆಯಾದರೂ ಅಲ್ಲಿಯೂ ಗಂಟೆಯ ಹೆಸರೇ ಹೊತ್ತಿನ ಹೆಸರು. ಇಂಗ್ಲಿಷಿನವರು ‘ಸಿಕ್ಸ್ ಓ ಕ್ಲಾಕ್’ ಎನ್ನುವಾಗ ಹೇಳುವುದೂ ‘ಗಂಟೆಯ ಲೆಕ್ಕದಲ್ಲಿ ಆರು’ ಎಂದೇ. ಸಾಲ್ಸ್‌ಬರಿಯ ದೇವಾಲಯದಲ್ಲಿ 1386ರದೆಂದು ಹೇಳಲಾಗುವ ಗಡಿಯಾರಕ್ಕೆ ಮುಖವೂ ಇಲ್ಲ, ಮುಳ್ಳೂ ಇಲ್ಲ. ಗಂಟೆ ಹೊಡೆಯುವುದೊಂದೇ ಅದರ ಕೆಲಸ.

ಅನೇಕ ಶಾಲೆಗಳಲ್ಲಿ ಗಂಟೆಯೆಂದು ತೂಗಹಾಕಿದ್ದುದು ರೈಲು ಕಂಬಿಯ ಒಂದು ತುಂಡು. ಅದರ ಸದ್ದು ಠಣ್ ಠಣ್. ಈಗ ಎಷ್ಟೋ ಕಡೆ ವಿದ್ಯುತ್ತಿನ ಗಂಟೆ. ಅದು ಟ್ರ್‍ರ್ ಎಂದು ಒಂದೇ ಸಮನೆ ಅರಚುವುದು. ಅದು ನಿಂತ ಮೇಲೆ ಮಕ್ಕಳು ಪುಸ್ತಕಗಳನ್ನು ಎತ್ತಿಕೊಂಡು, “ಗಂಟೆ ಹೊಡೆಯಿತು” ಎನ್ನುತ್ತ ಹೊರಕ್ಕೆ ಓಡುತ್ತಾರೆ.